ಅಂಗಾಲಿಗೂ ಕಣ್ಣುಂಟು!

ಫೋರ್ಟ್ ಕೊಚ್ಚಿಯ ಕಡಲಂಚಿಗೆ ಹೋದವರೆಲ್ಲ ಚೀನಾ ಬಲೆಗಳ ಎದುರು ಮೊಬೈಲ್ ಎತ್ತಿ ನಿಲ್ಲುತ್ತಾರೆ. ಬಲೆ ಮೇಲೇಳುವುದಕ್ಕೂ ಸೂರ್ಯ ಮುಳುಗುವುದಕ್ಕೂ ಗಳಿಗೆ ಕೂಡಿಬರಲಿ ಎಂದು ಕಾಯುತ್ತಾರೆ. ಕಾಯಲಿ ಬಿಡಿ, ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ಸಲ, ಒಂದೇ ಒಂದು ಸಲ, ಬಲೆಯನ್ನು ಬಿಟ್ಟು ಆ ತೊಲೆಯ ಮೇಲೆ ನಡೆಯುವ ಮನುಷ್ಯನ ಪಾದಗಳನ್ನು ನೋಡಿ! ನಾಲ್ಕಾರು ಜನ ಸೇರಿ ಎಳೆದು ಎತ್ತಬೇಕಾದ, ಹತ್ತು ಮೀಟರ್ ಎತ್ತರದ ಆ ಮರದ ಯಂತ್ರವನ್ನು ನೀರಿಗಿಳಿಸುವಾಗ ಯಾರೂ ಏನನ್ನೂ ಎಳೆಯುವುದಿಲ್ಲ. ಒಬ್ಬ ಆಸಾಮಿ ಮುಖ್ಯ ತೊಲೆಯ ಮೇಲೆ ನೀರಿನ ಕಡೆಗೆ ನಡೆದುಹೋಗುತ್ತಾನೆ, ಅಷ್ಟೇ. ಹಗ್ಗಕ್ಕೆ ಇಳಿಬಿಟ್ಟ ಕಲ್ಲುಗುಂಡುಗಳ ಭಾರಕ್ಕೆ ಸರಿಸಮ ತೂಗುತ್ತಿದ್ದ ಇಡೀ ಚೌಕಟ್ಟು ಅವನೊಬ್ಬನ ಮೈತೂಕಕ್ಕೆ ಸೋತು ಮೆಲ್ಲಗೆ ಬಾಗುತ್ತದೆ.

ಕಾಲ ಕೆಳಗಿನ ತೊಲೆ ವಾಲುತ್ತಿದೆ, ಮೇಲಿರುವ ಮನುಷ್ಯ ವಾಲುವುದಿಲ್ಲ! ಒದ್ದೆ ಮರ, ಬರಿಗಾಲು, ಅಗಲಕ್ಕೆ ಹರಡಿಕೊಂಡ ಬೆರಳುಗಳು. ಹೆಬ್ಬೆರಳು ಮರವನ್ನು ಒಂದಿಷ್ಟು ಅದುಮಿ ಬಿಡುತ್ತದೆ, ಹಿಮ್ಮಡಿ ಹಗುರಾಗಿ ಇಳಿಯುತ್ತದೆ, ಕಣಕಾಲು ಎಡಕ್ಕೊಂದು ಕೂದಲೆಳೆ, ಬಲಕ್ಕೊಂದು ಕೂದಲೆಳೆ ಸರಿಯುತ್ತದೆ. ಅವನ ಕಣ್ಣು ನೀರಿನ ಮೇಲೆ ನೆಟ್ಟಿದೆ, ಕಾಲಿನ ಕಡೆಗೆ ಲಕ್ಷ್ಯವೇ ಇಲ್ಲ. ಹಾಗಾದರೆ ತೊಲೆ ಎಷ್ಟು ಬಾಗಿತು, ಯಾವ ಕಡೆಗೆ ಬಾಗಿತು ಎಂಬ ಸುದ್ದಿಯನ್ನು ಅವನಿಗೆ ಮುಟ್ಟಿಸುತ್ತಿರುವವರು ಯಾರು?

ಅಂಗಾಲು! ದಿನವಿಡೀ ಚಪ್ಪಲಿಯ ಮೇಲಿಟ್ಟು, ಬೂಟಿನೊಳಗೆ ಮುಚ್ಚಿಟ್ಟು ನಾವು ಮರೆತೇಬಿಟ್ಟಿರುವ ಅದೇ ಅಂಗಾಲು. ಈ ಬೆರಗಿನ ಬೆನ್ನು ಹತ್ತಿದರೆ ದಾರಿ ಕೊಚ್ಚಿಯಿಂದ ತಿರುವನಂತಪುರದ ಕಳರಿಗೆ, ಅಂದರೆ ಕೇರಳದ ಸಮರಕಲೆಯ ಗರಡಿಗೆ ಇಳಿದು, ಮತ್ತೆ ಕರಾವಳಿಗುಂಟ ಮೇಲೆ ಬಂದು ನಮ್ಮ ಮಣಿಪಾಲಕ್ಕೆ, ಅಲ್ಲಿಂದ ಅಥಣಿಗೆ, ಕೊನೆಗೆ ಬೆಂಗಳೂರಿನ ಒಂದು ಪ್ರಯೋಗಶಾಲೆಗೆ ಮುಟ್ಟಿಸುತ್ತದೆ. ಜಗತ್ತು ಪಾದರಕ್ಷೆಯ ಬಗ್ಗೆ ಕಲಿತ ದೊಡ್ಡ ಪಾಠಗಳಲ್ಲಿ ಕೆಲವು ನಮ್ಮ ಮನೆಯ ಅಂಗಳದಲ್ಲೇ ಬರೆದವು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಮೊದಲು ನೀವೇ ಎದ್ದು ನಿಲ್ಲಿ. ಚಪ್ಪಲಿ ಬಿಡಿ, ಪಾದ ಜೋಡಿಸಿ, ಕೈ ಇಳಿಬಿಡಿ. ಅಲುಗಾಡದೆ ನಿಂತಿದ್ದೇನೆ ಅನ್ನಿಸುತ್ತಿದೆಯೇ? ಈಗ ಕಣ್ಣು ಮುಚ್ಚಿ. ತೂಗಾಟ ಶುರುವಾಯಿತಲ್ಲ! ಅದು ಈಗ ಶುರುವಾದದ್ದಲ್ಲ ಮಾರಾಯರೇ, ಕಣ್ಣು ತೆರೆದಿದ್ದಾಗಲೂ ಇತ್ತು, ಗೊತ್ತಾಗುತ್ತಿರಲಿಲ್ಲ. ಮನುಷ್ಯ ನಿಶ್ಚಲವಾಗಿ ನಿಲ್ಲುವುದೆಂಬುದೇ ಇಲ್ಲ. ನಮ್ಮ ಮೈಯ ಭಾರಕೇಂದ್ರ ಕಣಕಾಲಿನ ಕೀಲಿಗಿಂತ ಸ್ವಲ್ಪ ಮುಂದಕ್ಕಿದೆ. ಅಂದರೆ ನಾವು ಸದಾ ಮುಂದಕ್ಕೆ ಬೀಳುತ್ತಲೇ ಇದ್ದೇವೆ, ಮೀನಖಂಡದ ಸ್ನಾಯುಗಳು ಸದಾ ಹಿಂದಕ್ಕೆ ಎಳೆದುಕೊಳ್ಳುತ್ತಲೇ ಇವೆ. ಕಣ್ಣು, ಒಳಗಿವಿ, ಕೀಲು ಮತ್ತು ಸ್ನಾಯುಗಳು, ಅಂಗಾಲಿನ ಚರ್ಮ: ಈ ನಾಲ್ಕು ಕಡೆಯಿಂದ ವರದಿ ಬಂದರೇ ಮಿದುಳು ಲೆಕ್ಕ ಸರಿದೂಗಿಸುವುದು. ಕಣ್ಣು ಮುಚ್ಚಿಸಿ ನಿಲ್ಲಿಸಿ ತೂಗಾಟ ನೋಡುವ ಪರೀಕ್ಷೆಗೆ 19ನೇ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್‌ನ ಹೆಸರಿದೆ. ಇವತ್ತಿಗೂ ನರರೋಗ ತಜ್ಞರು ಮೊದಲು ಮಾಡಿಸುವ ಪರೀಕ್ಷೆಗಳಲ್ಲಿ ಅದೊಂದು.

ಆ ನಾಲ್ಕನೆಯ ವರದಿಗಾರನ ಮಹಿಮೆಯನ್ನು ಕೇಳಿ. ಕೆನಡಾದ ಕೆನಡಿ ಮತ್ತು ಇಂಗ್ಲಿಸ್ ಎಂಬ ಇಬ್ಬರು ವಿಜ್ಞಾನಿಗಳು ಕಾಲಿನ ನರಕ್ಕೆ ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಿ, ಅಂಗಾಲಿನ ಚರ್ಮದಲ್ಲಿರುವ ಸ್ಪರ್ಶಗ್ರಾಹಿಗಳ ಮಾತನ್ನು ಒಂದೊಂದಾಗಿ ಕದ್ದು ಕೇಳಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರಿಗೆ ಸಿಕ್ಕವು 104 ಗ್ರಾಹಿಗಳು. ಅವುಗಳಲ್ಲಿ ಹತ್ತಿರಹತ್ತಿರ ಶೇ. 70ರಷ್ಟು ಬದಲಾವಣೆಯನ್ನು ಮಾತ್ರ ಗಮನಿಸುವಂಥವು. ಒತ್ತಡ ಬಂತು ಎಂದಾಗ ಒಮ್ಮೆ ಮಿಡಿದು, ಹೋಯಿತು ಎಂದಾಗ ಇನ್ನೊಮ್ಮೆ ಮಿಡಿದು ಸುಮ್ಮನಾಗುವಂಥವು. ಇನ್ನೊಂದು ಸಂಗತಿಯಂತೂ ಮೈ ಜುಮ್ಮೆನ್ನಿಸುತ್ತದೆ. ಪಾದ ಗಾಳಿಯಲ್ಲಿ ತೂಗುತ್ತಿರುವಾಗ ಇವು ಪೂರ್ತಿ ಮೌನ! ನೆಲ ತಾಗಿದ ಕ್ಷಣಕ್ಕೆ ಮಾತು. ನಾವು ಇಡುವ ಪ್ರತಿಯೊಂದು ಹೆಜ್ಜೆಯೂ ಮಿದುಳಿಗೆ ಹೊಸ ಸುದ್ದಿ.

ಆ ಸುದ್ದಿಗೂ ನೆಲಕ್ಕೂ ನಡುವೆ ನಾವು ಏನನ್ನು ತಂದು ಇಡುತ್ತೇವೆ ಎಂಬುದೇ ಪಾದರಕ್ಷೆಯ ಕಥೆ.

ಏನನ್ನೂ ಇಡದ ಜಾಗವೊಂದಿದೆ. ತಿರುವನಂತಪುರದ ಈಸ್ಟ್ ಫೋರ್ಟ್, ಪದ್ಮನಾಭಸ್ವಾಮಿ ದೇವಸ್ಥಾನದ ಆಸುಪಾಸು, ಸಿ.ವಿ.ಎನ್. ಕಳರಿ. 1956ರಲ್ಲಿ ಸಿ.ವಿ. ಗೋವಿಂದನ್‌ಕುಟ್ಟಿ ನಾಯರ್ ಸ್ಥಾಪಿಸಿದ್ದು. ಸಾಂಪ್ರದಾಯಿಕ ಕಳರಿಗೆ ಅದರದೇ ಅಳತೆಯುಂಟು: 42 ಅಡಿ ಉದ್ದ, 21 ಅಡಿ ಅಗಲ, ಹೊರಗಿನ ನೆಲಕ್ಕಿಂತ ತಗ್ಗಿನಲ್ಲಿ ಅಗೆದು ಮಾಡಿದ ಮಣ್ಣಿನ ಅಂಕಣ, ನೈಋತ್ಯ ಮೂಲೆಯಲ್ಲಿ ಪೂತ್ತರ ಎಂಬ ಏಳು ಮೆಟ್ಟಿಲುಗಳ ಪೂಜಾಪೀಠ. ಚಪ್ಪಲಿ ಹೊರಗೆ, ಬಲಗಾಲು ಮುಂದಿಟ್ಟು ಒಳಗೆ. ಹೊರಗಿನ ಬಿಸಿಲಿಂದ ಆ ತಗ್ಗಿಗೆ ಇಳಿದರೆ ಅಂಗಾಲಿಗೆ ಮೊದಲು ತಾಗುವುದು ಮಣ್ಣಿನ ತಂಪು. ಆಮೇಲೆ ಶುರು ನೋಡಿ! ಆನೆಯ ವಡಿವು, ಸಿಂಹದ ವಡಿವು, ಕುದುರೆ, ಹಂದಿ, ಹಾವು, ನವಿಲು, ಹುಂಜ: ಒಂದು ನಿಲುವಿನಿಂದ ಇನ್ನೊಂದಕ್ಕೆ ಮೈ ಹರಿಯುತ್ತದೆ. ಮೊಣಕಾಲು ಬಗ್ಗಿಸದೆ ಬೀಸಿದ ಬಲಗಾಲು ತಲೆಗಿಂತ ಮೇಲೆ ಚಾಚಿದ ಅಂಗೈಗೆ ತಾಗಿ ಚಟಕ್ಕನೆ ಸದ್ದು ಮಾಡುತ್ತದೆ. ಎಲ್ಲರೂ ನೋಡುವುದು ಆ ಬಲಗಾಲನ್ನೇ. ಕಸರತ್ತು ನಡೆದಿರುವುದು ಎಡಗಾಲಿನಲ್ಲಿ! ಐದೂ ಬೆರಳು ಮಣ್ಣಿಗೆ ಊರಿ, ಪಾದದ ಕಮಾನು ಬಿಗಿದು, ಬೀಸಿದ ಕಾಲಿನ ಇಡೀ ರಭಸವನ್ನು ಅಂಗೈಯಗಲದ ಜಾಗದಲ್ಲಿ ತಡೆದು ನಿಲ್ಲಿಸಿದ್ದು ಅದು.

ಇನ್ನು ಚವಿಟ್ಟಿ ಉಳಿಚ್ಚಿಲ್. ಕಳರಿಯ ಈ ಮಾಲೀಸಿನ ಹೆಸರು ಕೇಳಿದವರು ಬಹಳ, ಹತ್ತಿರದಿಂದ ನೋಡಿದವರು ಕಡಿಮೆ. ಶಿಷ್ಯ ಎಣ್ಣೆ ಮೆತ್ತಿದ ಮೈಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿರುತ್ತಾನೆ. ಮೇಲಿಂದ ಅಡ್ಡಲಾಗಿ ಒಂದು ಹಗ್ಗ ಕಟ್ಟಿರುತ್ತದೆ. ಗುರುಕ್ಕಳ್ ಎರಡೂ ಕೈಯಿಂದ ಹಗ್ಗ ಹಿಡಿದು, ಒಂಟಿಕಾಲಲ್ಲಿ ನಿಂತು, ಇನ್ನೊಂದು ಪಾದವನ್ನು ಶಿಷ್ಯನ ಬೆನ್ನ ಮೇಲೆ ಇಟ್ಟು ಸೊಂಟದಿಂದ ಭುಜದವರೆಗೆ, ಭುಜದಿಂದ ಬೆರಳ ತುದಿಯವರೆಗೆ ಒಂದೇ ಎಳೆತದಲ್ಲಿ ಸಾಗಿಸುತ್ತಾರೆ. ಜಾರುವ ಎಣ್ಣೆಯ ಮೇಲೆ ಜಾರುವ ಪಾದ! ಹಗ್ಗಕ್ಕೆ ಎಷ್ಟು ಭಾರ ಬಿಡಬೇಕು, ಬೆನ್ನಿಗೆ ಎಷ್ಟು ಕೊಡಬೇಕು ಎಂಬ ತೂಕ ಪ್ರತಿ ಅಂಗುಲಕ್ಕೂ ಬದಲಾಗುತ್ತದೆ. ಬೆನ್ನುಮೂಳೆ ಹತ್ತಿರ ಬಂತೋ, ಪಾದ ಹಗುರಾಗುತ್ತದೆ. ತೊಡೆಯ ಗಟ್ಟಿ ಸ್ನಾಯು ಬಂತೋ, ಹಿಮ್ಮಡಿ ಇಳಿಯುತ್ತದೆ. ಎಲ್ಲೋ ಒಂದು ಗಂಟು ಸಿಕ್ಕಿತೋ, ಹೆಬ್ಬೆರಳು ಅಲ್ಲೇ ನಿಂತು ಕೆದಕುತ್ತದೆ. ಆ ಪಾದಕ್ಕೆ ಚರ್ಮದಡಿಯ ಸ್ನಾಯುವಿನ ಎಳೆ ಎಳೆಯೂ ತಿಳಿಯುತ್ತಿದೆ! ನಮ್ಮ ನಿಮ್ಮ ಅಂಗಾಲಿಗೂ ಹುಟ್ಟಿದಾಗ ಇದೇ ಸಾಮರ್ಥ್ಯದ ಬೀಜ ಇತ್ತಲ್ಲ ಎಂದು ನೆನೆದರೆ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಮೈಯೆಲ್ಲ ಕಣ್ಣಾಗಬೇಕು ಎಂಬುದು ಕಳರಿಯವರ ಮಾತು. 1976ರಲ್ಲಿ ಅಮೆರಿಕದಿಂದ ಬಂದು ಇದೇ ಕಳರಿಯಲ್ಲಿ ಗೋವಿಂದನ್‌ಕುಟ್ಟಿ ನಾಯರ್ ಬಳಿ ಪಳಗಿದ ರಂಗತಜ್ಞ ಫಿಲಿಪ್ ಝರಿಲ್ಲಿ, 1998ರಲ್ಲಿ ಕಳರಿಪಯಟ್ಟಿನ ಬಗ್ಗೆ ಪುಸ್ತಕ ಬರೆದಾಗ ಅದೇ ಮಾತನ್ನು ಶೀರ್ಷಿಕೆಯಾಗಿ ಎತ್ತಿಕೊಂಡರು. ಆ ಕಣ್ಣುಗಳಲ್ಲಿ ಎರಡು ನೆಲಕ್ಕೆ ಅಂಟಿಕೊಂಡಿವೆ ಎಂದು ನಾನು ಸೇರಿಸುತ್ತೇನೆ.

ಮತ್ತೆ ಕೊಚ್ಚಿಯ ಕಡೆಗೆ, ಎರ್ನಾಕುಲಂಗೆ ಬನ್ನಿ. ತ್ರಿಪ್ಪೂಣಿತ್ತುರದ ಆರ್.ಎಲ್.ವಿ. ಕಾಲೇಜಿನಲ್ಲಿ ಕಥಕಳಿ ಕಲಿಯುವ ಹುಡುಗರ ನಿಲುವನ್ನು ಗಮನಿಸಿದ್ದೀರಾ? ಅವರು ಅಂಗಾಲನ್ನು ಪೂರ್ತಿ ಊರುವುದೇ ಇಲ್ಲ. ಕಾಲು ಅಗಲಿಸಿ, ಮಂಡಿ ಹೊರಕ್ಕೆ ತೆರೆದು, ಪಾದದ ಹೊರ ಅಂಚಿನ ಮೇಲೆ ನಿಲ್ಲುತ್ತಾರೆ. ಹೆಬ್ಬೆರಳು ಮೇಲಕ್ಕೆ ಸುರುಳಿ. ಭಾರದ ವೇಷ, ತಲೆಯ ಮೇಲೆ ಕಿರೀಟ, ಗಂಟೆಗಟ್ಟಲೆ ಚೆಂಡೆ, ಆಧಾರ ಮಾತ್ರ ಆ ಎರಡು ಅಂಚುಗಳು! ನೀವೂ ಒಮ್ಮೆ ನಿಂತು ನೋಡಿ, ಹತ್ತು ಎಣಿಸುವುದರೊಳಗೆ ಕಣಕಾಲು ನಡುಗಿ ಬುದ್ಧಿ ಹೇಳುತ್ತದೆ. ನಮ್ಮ ಯಕ್ಷಗಾನದವರೂ ಬರಿಗಾಲಿನವರೇ, ಗೆಜ್ಜೆ ಕಟ್ಟಿ ಇಡೀ ರಾತ್ರಿ ನೆಲ ಗುದ್ದುವವರೇ. ಆದರೆ ಪಾದವನ್ನು ಹೀಗೆ ಅಂಚಿನ ಮೇಲೆ ಎತ್ತಿ ನಿಲ್ಲಿಸುವ ಹಟ ಕಥಕಳಿಯದ್ದೇ.

ಈಗ ಇದೇ ಪಾದಕ್ಕೆ ಬೂಟು ಹಾಕೋಣ.

ಹಿಮ್ಮಡಿಯನ್ನು ಐದು ಸೆಂಟಿಮೀಟರ್ ಎತ್ತಿದರೆ ಏನಾಗುತ್ತದೆ? ಭಾರ ಮುಂಗಾಲಿಗೆ ನುಗ್ಗುತ್ತದೆ. ಮೈ ಮುಂದಕ್ಕೆ ಬೀಳದಿರಲು ಕಣಕಾಲು, ಮಂಡಿ, ಸೊಂಟ ಎಲ್ಲವೂ ತಮ್ಮ ತಮ್ಮ ಕೋನಗಳನ್ನು ಬದಲಿಸಿಕೊಳ್ಳುತ್ತವೆ. ಎತ್ತರದ ಹಿಮ್ಮಡಿ ಹಾಕಿದರೆ ಸೊಂಟದ ಬಾಗು ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅಳೆದು ನೋಡಿದವರ ಲೆಕ್ಕಗಳು ಆ ವಿಷಯದಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬೊಬ್ಬರ ಬೆನ್ನು ಒಂದೊಂದು ಉಪಾಯ ಹೂಡುತ್ತದೆ. ಆದರೆ ಕಾಲಿನ ಸಂಗತಿ ಖಚಿತ. 2010ರಲ್ಲಿ ಸಾಪೊ, ಮಗನಾರಿಸ್, ನಾರಿಚಿ ಎಂಬ ಸಂಶೋಧಕರು ವರ್ಷಗಟ್ಟಲೆ ಹೈಹೀಲ್ಡ್ ಹಾಕಿದ ಮಹಿಳೆಯರ ಮೀನಖಂಡವನ್ನು ಸ್ಕ್ಯಾನ್ ಮಾಡಿ ನೋಡಿದರು. ಸ್ನಾಯುವಿನ ಎಳೆಗಳೇ ಸುಮಾರು ಶೇ. 12ರಷ್ಟು ಗಿಡ್ಡವಾಗಿದ್ದವು! ಹಿಮ್ಮಡಿಯ ಸ್ನಾಯುರಜ್ಜು ದಪ್ಪಗಾಗಿ ಬಿರುಸಾಗಿತ್ತು. ಚಪ್ಪಲಿ ಬಿಚ್ಚಿಟ್ಟ ಮೇಲೂ ಚಪ್ಪಲಿಯ ಆಕಾರ ಮೈಯೊಳಗೇ ಉಳಿದಿದೆ. ಇಂಥವರು ಚಪ್ಪಟೆ ನೆಲಕ್ಕೆ ಇಳಿದಾಗ ನೋವು ಅನ್ನುವುದರಲ್ಲಿ ಸೋಗೇನೂ ಇಲ್ಲ.

ಮೆತ್ತನೆಯ ಸೋಲ್‌ನ ಕಥೆ ಇನ್ನೂ ತಮಾಷೆ. ಅಂಗಡಿಯಲ್ಲಿ ನಾವು ಬೂಟನ್ನು ಹೆಬ್ಬೆರಳಿಂದ ಒತ್ತಿ, ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ಖುಷಿಪಡುತ್ತೇವೆ. ಕೆನಡಾದ ಸ್ಟೀವನ್ ರಾಬಿನ್ಸ್ ಮತ್ತು ಸಂಗಡಿಗರು 1992ರಲ್ಲಿ ವಯಸ್ಸಾದ ಗಂಡಸರಿಗೆ ಬೇರೆ ಬೇರೆ ಸೋಲ್‌ನ ಬೂಟು ತೊಡಿಸಿ ಕಿರಿದಾದ ತೊಲೆಯ ಮೇಲೆ ನಡೆಸಿದರು. ದಪ್ಪ, ಮೆತ್ತನೆಯ ಸೋಲ್‌ನವರು ಹೆಚ್ಚು ಸಲ ಜಾರಿದರು. ತೆಳು, ಗಟ್ಟಿ ಸೋಲ್‌ನವರು ಚೆನ್ನಾಗಿ ನಡೆದರು. ಮೆತ್ತನೆಯ ಪದರಿನೊಳಗೆ ಪಾದ ಅತ್ತಿತ್ತ ವಾಲುತ್ತಿರುತ್ತದೆ, ವಾಲಿದ ಸುದ್ದಿ ಮಿದುಳಿಗೆ ಮಸುಕಾಗಿ ತಲುಪುತ್ತದೆ. ಹಾಗಾದರೆ ಬರಿಗಾಲಲ್ಲಿ ನಡೆದು ನಡೆದು ಜಡ್ಡುಗಟ್ಟಿದ ಚರ್ಮವೂ ಸುದ್ದಿಯನ್ನು ಮಸುಕು ಮಾಡಬೇಕಲ್ಲ? ಇಲ್ಲಿದೆ ಆಶ್ಚರ್ಯ! ಕೆನ್ಯಾದ ಬರಿಗಾಲಿನವರನ್ನೂ ಬೂಟಿನವರನ್ನೂ ಪರೀಕ್ಷಿಸಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತಿತರರು 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು: ಜಡ್ಡು ಎಷ್ಟೇ ದಪ್ಪಗಿರಲಿ, ನಡೆಯುವಾಗ ನೆಲದ ಸುದ್ದಿಯನ್ನು ಅದು ತಡೆಯುವುದಿಲ್ಲ. ದಪ್ಪ ಚರ್ಮದ ಮನುಷ್ಯ ಎಂಬ ನಮ್ಮ ಬೈಗುಳ ಪಾದಕ್ಕೆ ಅನ್ವಯಿಸದು.

ಹವಾಯಿ ಚಪ್ಪಲಿಯನ್ನು ಬಿಟ್ಟು ಕೇರಳದ ಪಾದದ ಕಥೆ ಹೇಳುವಂತೆಯೇ ಇಲ್ಲ. ಅದರ ರಬ್ಬರ್‌ಗೂ ಎರ್ನಾಕುಲಂಗೂ ನಂಟಿದೆ: ಭಾರತದ ಮೊದಲ ವಾಣಿಜ್ಯ ರಬ್ಬರ್ ತೋಟ 1902ರಲ್ಲಿ ತಲೆಯೆತ್ತಿದ್ದು ಪೆರಿಯಾರ್ ದಂಡೆಯ ತಟ್ಟೇಕ್ಕಾಡಿನಲ್ಲಿ, ಇವತ್ತಿನ ಎರ್ನಾಕುಲಂ ಜಿಲ್ಲೆಯಲ್ಲಿ. ಮಳೆಗಾಲಕ್ಕೆ ಹೇಳಿ ಮಾಡಿಸಿದ ಚಪ್ಪಲಿ, ನೆನೆಯಲಿ ಒಣಗಲಿ ಚಿಂತೆಯಿಲ್ಲ. ಆದರೆ ಹಿಮ್ಮಡಿಗೆ ಪಟ್ಟಿಯಿಲ್ಲ. ಪಾದ ಎತ್ತಿದಾಗ ಚಪ್ಪಲಿ ಹಾರಿಹೋಗದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಹಿಡಿದುಕೊಳ್ಳಬೇಕು. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು ಇಂಥ ಚಪ್ಪಲಿ ಹಾಕಿದವರ ನಡಿಗೆ ಅಳೆದಾಗ ಹೆಜ್ಜೆಗಳು ಗಿಡ್ಡವಾಗಿದ್ದವು. ಕೆಸರಿನಲ್ಲಿ ನಡೆದಾಗ ನಮ್ಮ ಬಿಳಿ ಪಂಚೆಯ ಹಿಂಭಾಗಕ್ಕೆ ರಂಗೋಲಿ ಬಿಡಿಸುವುದೂ ಈ ಸಡಿಲ ಹಿಮ್ಮಡಿಯೇ, ಅದಕ್ಕೆ ಸಂಶೋಧನೆ ಬೇಕಿಲ್ಲ.

ಇಷ್ಟೆಲ್ಲ ಓದುತ್ತ ಹೋದಾಗ ಪದೇಪದೇ ಎದುರಾದ ಒಂದು ಉಲ್ಲೇಖ ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಜಗತ್ತಿನ ಯಾವ ದೇಶದವರು ಮಕ್ಕಳ ಬೂಟಿನ ಬಗ್ಗೆ ಬರೆಯಲಿ, ಯಾವ ಮೂಳೆತಜ್ಞರು ಚಪ್ಪಟೆ ಪಾದದ ಬಗ್ಗೆ ಬರೆಯಲಿ, ಅಡಿಟಿಪ್ಪಣಿಯಲ್ಲಿ ಎರಡು ಹೆಸರು: ರಾವ್ ಮತ್ತು ಜೋಸೆಫ್, 1992. ಯಾರಿವರು? ಎಲ್ಲಿಯವರು? ಮಣಿಪಾಲದವರು! ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆ ವಿಭಾಗದ ಉದಯ ಭಾಸ್ಕರ ರಾವ್ ಮತ್ತು ಮಕ್ಕಳ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಹೆಸರಾದ ಬೆಂಜಮಿನ್ ಜೋಸೆಫ್. ತಿರುವನಂತಪುರದಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಎರ್ನಾಕುಲಂ, ಕಾಸರಗೋಡು, ಮಂಗಳೂರು ದಾಟಿ ಉಡುಪಿಯಲ್ಲಿ ಇಳಿಯಬಹುದು. ಅಲ್ಲಿಂದ ಮಣಿಪಾಲದ ಗುಡ್ಡ ಎಷ್ಟು ದೂರ?

ಅವರು ಮಾಡಿದ ಕೆಲಸ ಎಷ್ಟು ಸರಳ ಅಂದರೆ, ಓದಿದ ಮೇಲೆ ಇದು ಯಾರಿಗೂ ಮೊದಲೇ ಯಾಕೆ ಹೊಳೆಯಲಿಲ್ಲ ಅನ್ನಿಸುತ್ತದೆ. ಮಕ್ಕಳ ಪಾದದ ಅಚ್ಚು ತೆಗೆದರು. ಮಗು ನಿಂತಾಗ ಮೂಡುವ ಗುರುತಿನಲ್ಲಿ ಹಿಮ್ಮಡಿ ಒಂದು ದ್ವೀಪ, ಮುಂಗಾಲು ಒಂದು ದ್ವೀಪ, ಹೊರ ಅಂಚಿನಲ್ಲಿ ಅವೆರಡನ್ನೂ ಸೇರಿಸುವ ಕಿರುಹಾದಿ, ಒಳಭಾಗದಲ್ಲಿ ಖಾಲಿ ಕೊಲ್ಲಿ. ಕಮಾನು ಎದ್ದಿದ್ದರೆ ಕೊಲ್ಲಿ ಆಳ. ಎದ್ದಿಲ್ಲದಿದ್ದರೆ ಕೊಲ್ಲಿ ತುಂಬಿ ಇಡೀ ಪಾದ ಕಾಗದಕ್ಕೆ ಅಂಟುತ್ತದೆ. ಅದೇ ಚಪ್ಪಟೆ ಪಾದ. ಹೀಗೆ 4ರಿಂದ 13 ವಯಸ್ಸಿನ 2,300 ಮಕ್ಕಳ ಅಚ್ಚುಗಳು! ಬೂಟು ಚಪ್ಪಲಿ ಹಾಕುವ ಮಕ್ಕಳೂ ಬರಿಗಾಲಲ್ಲೇ ಓಡಾಡುವ ಮಕ್ಕಳೂ ಒಂದೇ ಊರುಕೇರಿಗಳಲ್ಲಿ ಸಿಗುತ್ತಿದ್ದ ಕಾಲ ಅದು. ಯುರೋಪಿನಲ್ಲಿ ಇಂಥ ಹೋಲಿಕೆ ಮಾಡಲು ಬರಿಗಾಲಿನ ಮಗುವನ್ನು ಎಲ್ಲಿಂದ ತರುತ್ತೀರಿ?

ಫಲಿತಾಂಶ ಹೀಗಿತ್ತು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6 ಜನರಿಗೆ ಚಪ್ಪಟೆ ಪಾದ. ಹಾಕದವರಲ್ಲಿ ಶೇ. 2.8. ಮೂರು ಪಟ್ಟು ಅಂತರ! ಅಲ್ಲಿಗೂ ಮುಗಿಯಲಿಲ್ಲ. ಬೆರಳು ಮುಚ್ಚುವ ಬೂಟಿನವರಲ್ಲಿ ಅತಿ ಹೆಚ್ಚು, ಸ್ಯಾಂಡಲ್ ಚಪ್ಪಲಿಯವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ. ಪಾದವನ್ನು ಎಷ್ಟು ಬಿಗಿಯಾಗಿ ಮುಚ್ಚಿದ್ದೀರೋ ಕಮಾನು ಅಷ್ಟು ಸೋಮಾರಿ. ಬಾಲ್ಯದಲ್ಲಿ ಬೂಟು ಹಾಕುವುದು ಕಮಾನಿನ ಬೆಳವಣಿಗೆಗೆ ಅಡ್ಡಿ ಎಂದು ಅವರು ಬರೆದರು. 1995ರಲ್ಲಿ ಸಚ್ಚಿದಾನಂದಂ ಮತ್ತು ಬೆಂಜಮಿನ್ ಜೋಸೆಫ್ ಸೇರಿ ಮೂಳೆ ಬಲಿತ 1,846 ದೊಡ್ಡವರ ಪಾದ ನೋಡಿದರು. ಆರು ವರ್ಷಕ್ಕೆ ಮುಂಚೆಯೇ ಪಾದರಕ್ಷೆ ಹತ್ತಿಸಿಕೊಂಡವರಲ್ಲಿ ಚಪ್ಪಟೆ ಪಾದ ಹೆಚ್ಚು, ಹದಿನಾರರ ಮೇಲೆ ಶುರು ಮಾಡಿದವರಲ್ಲಿ ಕಡಿಮೆ. ಮೈತೂಕ ಹೆಚ್ಚಿದ್ದವರಲ್ಲೂ ಕೀಲು ಸಡಿಲ ಇದ್ದವರಲ್ಲೂ ಹೆಚ್ಚು ಕಂಡಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಚಪ್ಪಟೆ ಪಾದವೆಂದರೆ ರೋಗವೇ ಎಂದು ಮಗುವಿನ ಕಾಲು ಹಿಡಿದು ಅಳುವ ಅಗತ್ಯವೂ ಇಲ್ಲ. ಬಹಳ ಮಂದಿ ಅದನ್ನಿಟ್ಟುಕೊಂಡೇ ನೋವಿಲ್ಲದೆ ನಡೆದಾಡಿಕೊಂಡಿದ್ದಾರೆ. ಆದರೂ ಎಲ್‌ಕೆಜಿ ಮಗುವಿಗೆ ಇಡೀ ದಿನ ಕಪ್ಪು ಬೂಟು, ಸಾಕ್ಸ್ ಬಿಗಿಯುವ ನಮ್ಮ ಶಾಲೆಗಳ ಶಿಸ್ತನ್ನು ನೆನೆದರೆ, ಮಣಿಪಾಲದ ಆ ಅಚ್ಚುಗಳನ್ನು ಪ್ರತಿ ಶಾಲೆಯ ಗೋಡೆಗೂ ಅಂಟಿಸೋಣ ಅನ್ನಿಸುತ್ತದೆ.

ಕಮಾನು ಅಂದರೆ ಒಂದೇ ಅಲ್ಲ, ಇನ್ನೊಂದಿದೆ! ಹಿಮ್ಮಡಿಯಿಂದ ಬೆರಳಿನವರೆಗೆ ಉದ್ದಕ್ಕೆ ಎದ್ದ ಕಮಾನು ಎಲ್ಲರಿಗೂ ಗೊತ್ತು. ಪಾದದ ನಡುವೆ ಅಡ್ಡಕ್ಕೂ ಒಂದು ಬಾಗು ಇದೆ. ಅದು ಯಾಕಿದೆ ಎಂದು ಕೇಳಿದವರು ಮಧುಸೂದನ್ ವೆಂಕಟೇಶನ್. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿದ್ದು (ಎನ್‌ಸಿಬಿಎಸ್), ಆಮೇಲೆ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದವರು. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ನೆನೆಸಿ ಚಪ್ಪಟೆ ಮಾಡಿ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಜೋತುಬೀಳುತ್ತದೆ. ಅದನ್ನೇ ಅಡ್ಡಕ್ಕೆ ಕೊಂಚ ಬಾಗಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ಪಾದವೂ ಅದೇ ಲೆಕ್ಕ! 2020ರ 'ನೇಚರ್' ಲೇಖನದಲ್ಲಿ ಅವರ ತಂಡ ತೋರಿಸಿದ ಪ್ರಕಾರ, ಪಾದದ ಬಿಗಿತದಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಈ ಅಡ್ಡ ಬಾಗಿನದು. ಇಷ್ಟು ಕಾಲ ಕೀರ್ತಿಯೆಲ್ಲ ಉದ್ದದ ಕಮಾನಿಗೇ ಸಲ್ಲುತ್ತಿತ್ತು. 26 ಮೂಳೆಗಳ ಈ ಸಡಿಲ ಚೀಲ, ಹಿಮ್ಮಡಿ ಎತ್ತಿ ನೆಲ ತಳ್ಳುವ ಗಳಿಗೆಗೆ ಗಟ್ಟಿ ಸನ್ನೆಗೋಲಾಗುವ ಗುಟ್ಟು ಅಲ್ಲಿದೆ.

ಹಾಗಂತ ನಾಳೆಯಿಂದ ಎಲ್ಲರೂ ಬರಿಗಾಲು ಎಂದು ಘೋಷಣೆ ಕೂಗುವವನು ನಾನಲ್ಲ. ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿನಿಂದ ನೇರ ಅಂಗಾಲಿನ ಚರ್ಮ ಕೊರೆದು ಒಳಹೊಗುತ್ತದೆ. 2018ರ ಪ್ರವಾಹದ ಬೆನ್ನಿಗೇ ಕೇರಳದಲ್ಲಿ ಇಲಿಜ್ವರ ಹಬ್ಬಿದಾಗ ನೀರಿಗಿಳಿಯುವವರಿಗೆ ಬೂಟು ಹಾಕಿ ಎಂದು ಆರೋಗ್ಯ ಇಲಾಖೆ ಗೋಗರೆಯಬೇಕಾಯಿತು. ಇನ್ನೂ ಕಹಿಯಾದ ಸಂಗತಿಯೊಂದಿದೆ. ತಿರುವಾಂಕೂರಿನಲ್ಲಿ ಒಂದು ಕಾಲಕ್ಕೆ ಕೆಳಗಿನ ಜಾತಿಯವರು ಚಪ್ಪಲಿ ಮೆಟ್ಟುವಂತಿರಲಿಲ್ಲ, ಕೊಡೆ ಹಿಡಿಯುವಂತಿರಲಿಲ್ಲ. ನಮ್ಮ ಹಳ್ಳಿಗಳಲ್ಲೂ ಗೌಡರ ಮನೆ ಮುಂದೆ ಚಪ್ಪಲಿ ಕೈಗೆತ್ತಿಕೊಂಡು ನಡೆದವರು ಇದ್ದರು. ಅವರ ಬರಿಗಾಲನ್ನು ಆರೋಗ್ಯದ ಗುಟ್ಟು ಎಂದು ಹೊಗಳಿದರೆ ನಾಲಿಗೆ ಸುಟ್ಟೀತು. ಬೇಕೆಂದು ಬಿಟ್ಟ ಚಪ್ಪಲಿಯೇ ಬೇರೆ, ಬಿಡಿಸಿದ ಚಪ್ಪಲಿಯೇ ಬೇರೆ.

ಬೇಕೆಂದು ಬಿಟ್ಟವರೂ ಇದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಫುಟ್‌ಬಾಲ್ ಆಟಗಾರರು ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಭಾರತಕ್ಕೆ ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್! ತಂಡದಲ್ಲಿ ಕೇರಳದ ತಿರುವಲ್ಲ ಪಾಪ್ಪನ್ ಕೂಡ ಇದ್ದರು. 2-1ರಿಂದ ಸೋತರೂ ಲಂಡನ್ ಚಪ್ಪಾಳೆ ತಟ್ಟಿತು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10-1ರಿಂದ ಬಾರಿಸಿದ ಮೇಲೆ ಬೂಟು ಕಡ್ಡಾಯವಾಯಿತು.

ಮುದುಕರ ವಿಷಯದಲ್ಲಂತೂ ಲೆಕ್ಕವೇ ತಿರುವುಮುರುವು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, 65 ದಾಟಿದವರ ಪೈಕಿ ಬರಿಗಾಲಲ್ಲೋ ಬರೀ ಸಾಕ್ಸ್‌ನಲ್ಲೋ ಇದ್ದವರಿಗೆ ಬೀಳುವ ಅಪಾಯ ಬಹಳ ಹೆಚ್ಚು. ಕ್ಯಾನ್ವಾಸ್ ಬೂಟಿನವರಿಗೆ ಅತಿ ಕಡಿಮೆ. ವಯಸ್ಸಾದಂತೆ ಅಂಗಾಲಿನ ಗ್ರಾಹಿಗಳೇ ಮಂಕಾಗುತ್ತವೆ. ಮನೆಯ ನೆಲ ನೋಡಿದರೆ ಕನ್ನಡಿಯಷ್ಟು ನುಣುಪು ಟೈಲ್ಸ್. ಅಂಥಲ್ಲಿ ಅಜ್ಜನಿಗೆ ಬೇಕಾದದ್ದು ಹಿಮ್ಮಡಿ ಮುಚ್ಚುವ, ತೆಳು ಗಟ್ಟಿ ಸೋಲ್‌ನ, ಜಾರದ ಬೂಟು. 2022ರಲ್ಲಿ ಬ್ರೆಜಿಲಿನಿಂದ ಬಂದ ವರದಿ ನೋಡಿ: 51ರಿಂದ 75 ವಯಸ್ಸಿನ 1,702 ಜನರಲ್ಲಿ ಐವರಲ್ಲಿ ಒಬ್ಬರಿಗೆ ಹತ್ತು ಸೆಕೆಂಡ್ ಒಂಟಿಕಾಲಲ್ಲಿ ನಿಲ್ಲಲು ಆಗಲಿಲ್ಲ, ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಅಂಥವರಲ್ಲೇ ಹೆಚ್ಚಿತ್ತು. ಹಲ್ಲುಜ್ಜುವಾಗ ನಾನೂ ನಿಲ್ಲುತ್ತೇನೆ, ಸಿಂಕ್ ಹಿಡಿಯದೆ.

ಹಾಗಾದರೆ ಸುದ್ದಿಯನ್ನೂ ತಡೆಯದ, ಮುಳ್ಳನ್ನೂ ಬಿಡದ ಚಪ್ಪಲಿ ಉಂಟೇ? ಉಂಟು, ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ! ಕೊಲ್ಹಾಪುರಿ ಎಂದು ಹೆಸರಾದರೂ ಅದನ್ನು ಹೊಲಿಯುವ ಕೈಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದವು ಅದೆಷ್ಟೋ. ಭೌಗೋಳಿಕ ಸೂಚಿಕೆಯೂ ಎರಡು ರಾಜ್ಯಕ್ಕೆ ಜಂಟಿ. ಹದ ಮಾಡಿದ ಎಮ್ಮೆ ಚರ್ಮ, ಚಪ್ಪಟೆ ಅಟ್ಟೆ, ಮೊಳೆಯಿಲ್ಲ, ಮೆತ್ತೆಯಿಲ್ಲ. ಬೆಲ್ಜಿಯಂನ ವಿನ್ಯಾಸಕಿ ಕ್ಯಾಥರೀನ್ ವಿಲೆಮ್ಸ್ ಅಥಣಿಯ ಕುಶಲಕರ್ಮಿಗಳ ಜತೆ ಕೂತು ಕಲಿತದ್ದಲ್ಲದೆ, ಈ ಚಪ್ಪಲಿಯನ್ನು ವಿಜ್ಞಾನದ ತಕ್ಕಡಿಗೂ ಹಾಕಿದರು. ಹತ್ತು ಮಂದಿ ದಕ್ಷಿಣ ಭಾರತೀಯರ ಹಿಮ್ಮಡಿಗೆ ವೇಗೋತ್ಕರ್ಷ ಮಾಪಕ, ಕಣಕಾಲಿಗೆ ಕೋನಮಾಪಕ, ಸ್ನಾಯುವಿಗೆ ಎಲೆಕ್ಟ್ರೋಡ್ ಕಟ್ಟಿ, ಒಮ್ಮೆ ಬರಿಗಾಲಲ್ಲಿ, ಒಮ್ಮೆ ಚಪ್ಪಲಿಯಲ್ಲಿ, ಒಳಗೂ ಹೊರಗೂ ನಡೆಸಿದರು. 2017ರಲ್ಲಿ ಪ್ರಕಟವಾದ ಉತ್ತರ: ವ್ಯತ್ಯಾಸ ತೀರಾ ಅತ್ಯಲ್ಪ. ಕೊಲ್ಹಾಪುರಿಯ ನಡಿಗೆ ಹೆಚ್ಚೂಕಡಿಮೆ ಬರಿಗಾಲಿನ ನಡಿಗೆಯೇ! ಪರದೇಶದ ಕಂಪನಿಗಳು 'ಬೇರ್‌ಫೂಟ್ ಶೂ' ಎಂದು ಸಾವಿರಾರು ರೂಪಾಯಿಗೆ ಮಾರುವುದನ್ನು ಅಥಣಿಯ ಸಮಗಾರರು ತಲೆಮಾರುಗಳಿಂದ ಸಂತೆಯಲ್ಲಿ ಮಾರಿಕೊಂಡೇ ಬಂದಿದ್ದಾರೆ. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರಾಡಾ ಫ್ಯಾಷನ್ ಶೋನಲ್ಲಿ ಅಂಥದೇ ಚಪ್ಪಲಿ ಕಾಣಿಸಿಕೊಂಡಾಗ ಗಲಾಟೆ ಎದ್ದದ್ದು ಹೆಸರಿಗಾಗಿ, ಹಕ್ಕಿಗಾಗಿ. ಎದ್ದದ್ದು ಸರಿಯೇ. ಆದರೆ ಆ ಚಪ್ಪಲಿಯ ಜಾಣತನದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಕಡೆಗೆ, ಅಂಗಾಲಿನ ಮಾತೇ ನಿಂತುಹೋದವರು. ಮಧುಮೇಹ ನರಗಳನ್ನು ತಿನ್ನುತ್ತ ಬಂದಾಗ ಪಾದ ಮರಗಟ್ಟುತ್ತದೆ. ಕಲ್ಲು ಚುಚ್ಚಿದರೂ ತಿಳಿಯದು, ಒಂದೇ ಜಾಗಕ್ಕೆ ಭಾರ ಬಿದ್ದು ಬಿದ್ದು ಹುಣ್ಣಾದರೂ ತಿಳಿಯದು. ಸುಮ್ಮನಾದ ಗ್ರಾಹಿಗಳನ್ನು ಮತ್ತೆ ಮಾತಾಡಿಸಬಹುದೇ? 2003ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಒಂದು ಪ್ರಯೋಗದಲ್ಲಿ, ವಯಸ್ಸಾದವರ ಪಾದದಡಿ ಅವರಿಗೆ ತಿಳಿಯದಷ್ಟು ಸಣ್ಣಗೆ ಕಂಪಿಸುವ ಮೆತ್ತೆ ಇಟ್ಟಾಗ ಅವರ ತೂಗಾಟ ಕಡಿಮೆಯಾಯಿತು! ತಿಳಿಯದ ಕಂಪನ, ತಿಳಿಯುವ ಲಾಭ.

ಬೆಂಗಳೂರಿನವರದು ಬೇರೆಯೇ ದಾರಿ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಕೆ. ಅನಂತಸುರೇಶ್ ತಂಡ ಮತ್ತು ಕರ್ನಾಟಕ ಅಂತಃಸ್ರಾವ ಸಂಶೋಧನಾ ಸಂಸ್ಥೆಯ ಪಾದ ಚಿಕಿತ್ಸಕ ಪವನ್ ಬೆಳೇಹಳ್ಳಿ ಸೇರಿ ಒಂದು ಸ್ಯಾಂಡಲ್ ಮಾಡಿದರು. ತ್ರೀಡಿ ಪ್ರಿಂಟರಿನಿಂದ ಇಳಿದದ್ದು. ಅಟ್ಟೆಯೊಳಗೆ ಸಾಲು ಸಾಲು ಪುಟ್ಟ ಕಮಾನುಗಳು. ಯಾವುದೋ ಒಂದು ಜಾಗದಲ್ಲಿ ಒತ್ತಡ ಮಿತಿ ಮೀರಿತೋ, ಅಲ್ಲಿನ ಕಮಾನು ಟಕ್ಕನೆ ಕೆಳಕ್ಕೆ ಮಗುಚಿ ಭಾರವನ್ನು ಅಕ್ಕಪಕ್ಕದವಕ್ಕೆ ಹಂಚುತ್ತದೆ. ಪಾದ ಎತ್ತಿದೊಡನೆ ಮತ್ತೆ ಮೇಲಕ್ಕೆ ಪುಟಿಯುತ್ತದೆ. ನೋವು ತಿಳಿಯದ ಪಾದದ ಪರವಾಗಿ ಅಟ್ಟೆಯೇ ಒತ್ತಡವನ್ನು ಅಳೆದು ತಪ್ಪಿಸುತ್ತದೆ. ಇದರಲ್ಲಿ ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ, ಚಿಪ್ ಇಲ್ಲ. ಪೂರ್ತಿ ಯಾಂತ್ರಿಕ!